ಕೌದಿ ಹೊದ್ದ ಸೀತಾಫಲ

ಬನಹಟ್ಟಿಯ ನಮ್ಮ ಓಣಿಯಲ್ಲಿ ಕರೆಂಟ್ ಹೋಯಿತೆಂದು ದೀಪ ನೋಡಿ ತಿಳಿಯಬೇಕಿಲ್ಲ. ಮಗ್ಗಗಳೆಲ್ಲ ಒಮ್ಮೆಲೇ ಸುಮ್ಮನಾಗುತ್ತವೆ. ಆಗ ಉಳಿದವರು ಚಹಾಕ್ಕೆ ಏಳುತ್ತಾರೆ. ಪಕ್ಕದ ಮನೆಯ ಸಾವಿತ್ರೆವ್ವ ಮಾತ್ರ ಪಡಸಾಲೆಗೆ ಓಡುತ್ತಾಳೆ. ಅಲ್ಲಿ ಅವಳ ಫ್ರೀಜರ್ ಇದೆ.

ಲೋಕಾಪುರದಲ್ಲಿ ಅಂಗಡಿ ಮುಚ್ಚಿದ ಐಸ್‌ಕ್ರೀಮ್ ವ್ಯಾಪಾರಿಯಿಂದ ಕೊಂಡ ಹಳೆಯ, ಉದ್ದನೆಯ ಪೆಟ್ಟಿಗೆ ಅದು. ಗಂಡ ಮುರಗೆಪ್ಪ ಅದನ್ನು ಟಂಟಂ ಗಾಡಿಯಿಂದ ಇಳಿಸಿದಾಗ ಅತ್ತೆ ಹೊಳೆವ್ವ ಹೊಸ್ತಿಲಿಗೆ ಅಡ್ಡ ನಿಂತಿದ್ದಳು.

"ಹೆಣಾ ಇಡೂ ಪೆಟ್ಟಗಿ ಯಾಕ ತಂದ್ಯೋ? ನಾ ಇನ್ನೂ ಗಟ್ಟಿ ಅದೀನಿ!"

ಸಾವಿತ್ರೆವ್ವ ನಕ್ಕು, ಪೆಟ್ಟಿಗೆಗೆ ಪಡಸಾಲೆಯಲ್ಲಿ ಜಾಗ ಮಾಡಿದಳು. ಹಿತ್ತಲಲ್ಲಿ ಬೆಳೆದದ್ದು ಒಂದು ತಿಂಗಳು ತಿಪ್ಪೆ ಸೇರಿ, ಉಳಿದ ತಿಂಗಳು ಸಂತೆಯಿಂದ ಕೊಳ್ಳುವುದು ಅವಳಿಗೆ ಸರಿಬರುತ್ತಿರಲಿಲ್ಲ. ಕೊತ್ತಂಬರಿ ಹೆಚ್ಚಿ, ನೀರು ಹಾಕಿ ಐಸಿನ ಟ್ರೇಯಲ್ಲಿ ಇಡುತ್ತಾಳೆ. ಕರಿಬೇವು ತೊಳೆದು, ಬಟ್ಟೆಯ ಮೇಲೆ ಆರಿಸಿ ಚೀಲಕ್ಕೆ ತುಂಬುತ್ತಾಳೆ. ಸೀತಾಫಲದ ಬೀಜ ಬಿಡಿಸುವ ದಿನ ನಾವು ಓಣಿಯ ಹೆಂಗಸರು ಕೂಡುತ್ತೇವೆ. ತಿರುಳು ಕಪ್ಪಾಗದಂತೆ ಅವಳು ಲಿಂಬೆಯ ಹನಿ ಹಿಂಡಿ, ಚೀಲದ ಗಾಳಿ ಒತ್ತಿ ತೆಗೆದು, ರೊಟ್ಟಿಯ ಹಾಗೆ ಚಪ್ಪಟೆ ಮಾಡಿ ಒಂದರ ಮೇಲೊಂದು ಜೋಡಿಸುತ್ತಾಳೆ. ಹೊಳೆವ್ವ ಮಾತ್ರ ಆ ಕಡೆ ತಲೆ ಹಾಕಿದವಳಲ್ಲ, ಪೆಟ್ಟಿಗೆಯೊಳಗಿನದು ಏನನ್ನೂ ಬಾಯಿಗೆ ಇಟ್ಟವಳಲ್ಲ.

"ದೀಪಾವಳಿ ಹಣ್ಣ ಯುಗಾದಿಗೆ ತಿನ್ನೂದಂತ! ತಂಗಳ ಅಂದ್ರೂ ಅದಕ್ಕ ಮರ್ಯಾದಿ ಆತು."

ಮುಧೋಳಕ್ಕೆ ಮದುವೆ ಮಾಡಿಕೊಟ್ಟ ಮಗಳು ಕಾಂಚನಾ ಕಳೆದ ಮೇ ತಿಂಗಳಲ್ಲಿ ಐದು ತಿಂಗಳ ಬಸುರಿ. ತಿಂದದ್ದು ಒಂದೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಏನು ಬಯಕೆ ಎಂದು ತಾಯಿ ಫೋನಿನಲ್ಲಿ ಕೇಳಿದಳು.

"ನಮ್ಮ ಹಿತ್ತಲದ ಸೀತಾಫಲ ತಿನ್ನಬೇಕ ಅನಸಾಕತ್ತೈತಿ ಯವ್ವಾ. ಈಗೆಲ್ಲಿ ಸಿಗತೈತಿ, ಬಿಡು."

"ಬಾರವಾ, ಇಟ್ಟೇನಿ," ಎಂದಳು ಸಾವಿತ್ರೆವ್ವ. ಗುರುವಾರ ತವರಲ್ಲಿ ಕುಬಸ, ಅಂದರೆ ಸೀಮಂತ, ಎಂದು ನಿಶ್ಚಯವಾಯಿತು.

ಮಂಗಳವಾರ ಸಂಜೆ ಗಾಳಿಮಳೆಗೆ ಕಂಬಗಳು ಉರುಳಿದವು. ಮಗ್ಗಗಳು ನಿಂತವು. "ಗುರುವಾರದ ತನಕಾ ಆಸೆ ಇಟಗೋಬ್ಯಾಡ್ರಿ," ಎಂದ ಲೈನ್‌ಮನ್.

ಸಾವಿತ್ರೆವ್ವ ಮನೆಯ ಕೌದಿಗಳನ್ನೆಲ್ಲ ತಂದು ಪೆಟ್ಟಿಗೆಗೆ ಹೊದಿಸಿದಳು. ಮುರಗೆಪ್ಪ ಮಗ್ಗದ ಮನೆಯಿಂದ ನೂಲಿನ ಚಿಂದಿಯ ಮೂಟೆಗಳನ್ನು ಹೊತ್ತು ತಂದು ಸುತ್ತಲೂ ಒತ್ತಿದ. ಎದುರು ಮನೆಯ ರಾಜೇಶ್ವರಿ ಬಾಗಿಲಲ್ಲೇ ನಗತೊಡಗಿದಳು.

"ಸಾವಿತ್ರಕ್ಕಾ, ಐಸಿಗೆ ಥಂಡಿ ಹತ್ತೈತೇನ? ಸ್ವೆಟರೂ ತರಲೇನ?"

"ಕೌದಿ ಬಿಸಿ ಮಾಡಂಗಿಲ್ಲವಾ. ಒಳಗಿನ ಥಂಡಿ ಒಳಗ ಇಡತೈತಿ. ಬೀಳಗ್ಯಾಗ ಐಸ್ ಮಾರಾಂವ ಐಸಿಗೆ ಗೋಣಿತಟ್ಟು ಸುತ್ತಿಕೊಂಡ ಬರತಿದ್ದ, ಸಣ್ಣಾಕಿದ್ದಾಗ ನೋಡೇನಿ."

ಬುಧವಾರ ಬೆಳಿಗ್ಗೆ ಮುರಗೆಪ್ಪನಿಗೇ ತಡೆಯಲಾಗಲಿಲ್ಲ. "ಒಂದ ಸಲ ಮುಚ್ಚಳಾ ಎತ್ತಿ ನೋಡೂಣು," ಎಂದು ಕೌದಿಗೆ ಕೈ ಹಾಕಿದ.

"ಸರೀ ಆಚಿ!" ಹೊಳೆವ್ವ ಕೋಲು ಊರಿಕೊಂಡು ಬಂದಳು. "ತಗದ್ರ ಕರಗತೈತಿ ಅಂತ ಅಕಿ ಹೇಳ್ಯಾಳಿಲ್ಲ? ನನ್ನ ಮೊಮ್ಮಗಳ ಬಯಕಿ ಅದು." ಹಾಗೆಂದವಳೇ ಮಗನ ಹೆಗಲು ಹಿಡಿದು ಪೆಟ್ಟಿಗೆಯ ಮೇಲೆ ಹತ್ತಿ ಕುಳಿತಳು. ಜಪವೂ ಅಲ್ಲೇ, ರೊಟ್ಟಿಯೂ ಅಲ್ಲೇ, ಮಧ್ಯಾಹ್ನದ ನಿದ್ದೆಯೂ ಅಲ್ಲೇ.

"ಆಯೀ, ಹೆಣದ ಪೆಟ್ಟಗಿ ಅಂತಿದ್ದಿ?" ಎಂದು ರಾಜೇಶ್ವರಿ ಕೆಣಕಿದಳು.

"ಮ್ಯಾಲ ಕುಂತೇನಿ, ಒಳಗ ಮಲಗಿಲ್ಲ!"

ಸಂಜೆ ದೀಪ ಹಚ್ಚುವಾಗ ಸಾವಿತ್ರೆವ್ವ ನನ್ನನ್ನು ಮೆಲ್ಲಗೆ ಕೇಳಿದಳು: "ಇಷ್ಟ ಸಣ್ಣದಕ್ಕ ಶಿವನ್ನ ಬೇಡಿಕೋಬೌದೇನ್ರಿ?" ಬಸುರಿಯ ತುತ್ತು ಸಣ್ಣದಲ್ಲ ಎಂದೆ. ಇಬ್ಬರೂ ಕೈ ಮುಗಿದೆವು.

ಗುರುವಾರ ಕಾಂಚನಾ ಬಂದಳು. ಮುಖ ಸೊರಗಿತ್ತು, ಕೈಬಳೆಗಳು ಸಡಿಲಾಗಿದ್ದವು. ಕರೆಂಟ್ ಇನ್ನೂ ಬಂದಿರಲಿಲ್ಲ. ಹೊಳೆವ್ವ ಕೆಳಗಿಳಿದಳು, ಕೌದಿಗಳು ಸರಿದವು. ಮುಚ್ಚಳ ಎತ್ತಲು ಸಾವಿತ್ರೆವ್ವನಿಗೆ ಕೈ ಬರಲಿಲ್ಲ. ಮಗಳೇ ಎತ್ತಿದಳು. ಮೇಲಿದ್ದ ಕೊತ್ತಂಬರಿ ಕರಗಿ ಹಸಿರು ನೀರಾಗಿತ್ತು. ಕಾಂಚನಾ ಅದನ್ನು ಬದಿಗಿಟ್ಟು ತಳಕ್ಕೆ ಕೈ ಹಾಕಿದಳು.

"ಕಲ್ಲ ಆಗೇತಿ ಬೇ ಯವ್ವಾ!" ಎಂದು ಚೀಲವೊಂದನ್ನು ಎತ್ತಿ ಪೆಟ್ಟಿಗೆಯ ಅಂಚಿಗೆ ಟಣ್ಣನೆ ಬಡಿದಳು.

"ತಾ ಇಲ್ಲಿ, ಕೌದ್ಯಾಗ ಸುತ್ತತೇನಿ. ಲಗೂನ ಕರಗತೈತಿ," ಎಂದಳು ಹೊಳೆವ್ವ.

"ಬ್ಯಾಡ್ರಿ ಅತ್ತಿ! ಹಂಗ ಮಾಡಿದ್ರ ಸಂಜೀತನಾ ಕಲ್ಲ ಇರತೈತಿ!"

ನಮ್ಮ ನಗು ನಿಲ್ಲುವಷ್ಟರಲ್ಲಿ ಕಾಂಚನಾ ಚಮಚದಿಂದ ಕೆರೆದು ತಿನ್ನತೊಡಗಿದ್ದಳು. ಒಂದು ಚಮಚ ಇಳಿಯಿತು. ನಾವೆಲ್ಲ ಅವಳ ಮುಖವನ್ನೇ ನೋಡುತ್ತ ಕುಳಿತೆವು. ಮತ್ತೊಂದು ಚಮಚ ಇಳಿಯಿತು. ಚೀಲ ಮುಗಿದರೂ ಅವಳು ಬಚ್ಚಲಿಗೆ ಓಡಲಿಲ್ಲ. "ಇನ್ನೊಂದ ಚೀಲ ಐತೇನ?" ಎಂದು ಕೇಳಿದಳು. ಸಾವಿತ್ರೆವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಲೇ ಪೆಟ್ಟಿಗೆಗೆ ಬಗ್ಗಿದಳು.

ಆಗ ಹೊಳೆವ್ವ ಅಂಗೈ ಚಾಚಿದಳು. ಕಾಂಚನಾ ಒಂದು ಚಮಚ ಹಾಕಿ, "ತಂಗಳ ಅಲ್ಲೇನ ಆಯಿ?" ಎಂದಳು.

ಹೊಳೆವ್ವ ಬೊಚ್ಚು ಬಾಯಲ್ಲಿ ಅದನ್ನು ಅತ್ತಿತ್ತ ಹೊರಳಿಸಿ ನುಂಗಿದಳು. ಸೊಸೆಯತ್ತ ಸಿಟ್ಟಿನಿಂದ ತಿರುಗಿದಳು.

"ಬೀಜ ಇಲ್ಲ ಅಂತ ಮದಲ ಹೇಳಾಕ ಏನ ಆಗಿತ್ತ ನಿನಗ?"