ಎಮ್ಮೆಯ ಎದೆಯಲ್ಲಿ ಕೇಳಿದ ಸದ್ದು

ಸತ್ತವರು ಮತ್ತೆ ಬರುತ್ತಾರೆ ಎಂಬ ಮಾತನ್ನು ನಾನು ಎಂದೂ ನಂಬಿದವನಲ್ಲ. ಸಂಡೂರಿನ ಗಣಿಯಲ್ಲಿ ಕೆಲಸಕ್ಕಿದ್ದಾಗ ಲಾರಿ ಡ್ರೈವರುಗಳು ಘಾಟಿಯಲ್ಲಿ ಕಂಡ ಬಿಳಿ ಸೀರೆಯ ಹೆಂಗಸಿನ ಕಥೆ ಹೇಳುತ್ತಿದ್ದರು. ನಿದ್ದೆಗೆಟ್ಟ ಕಣ್ಣಿಗೆ ಅದಿರಿನ ದೂಳೂ ಸೀರೆಯಾಗಿ ಕಾಣುತ್ತದೆ ಎಂದು ನಾನು ನಕ್ಕುಬಿಡುತ್ತಿದ್ದೆ. ಈಗಲೂ ಅಂಥ ಕಥೆಗಳನ್ನು ನಂಬುವುದಿಲ್ಲ. ಆದರೆ ನನಗೇ ಆದದ್ದೊಂದನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯದೆ ಇಲ್ಲಿ ಬರೆಯುತ್ತಿದ್ದೇನೆ. ಅದು ನಡೆದದ್ದು ಕತ್ತಲಲ್ಲಲ್ಲ. ಬೆಳಗಿನ ಬಿಸಿಲಿನಲ್ಲಿ, ನಮ್ಮ ಮನೆಯ ಮುಂದೆ.

ನಮ್ಮೂರು ಬಂಡ್ರಿ. ಅಪ್ಪ ಬೇಗ ತೀರಿಕೊಂಡದ್ದರಿಂದ ನಾನು ಪಿಯುಸಿಗೆ ಓದು ನಿಲ್ಲಿಸಿ ಗಣಿ ಸೇರಿದೆ. ತಮ್ಮ ಬಸವರಾಜ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ.ವರೆಗೂ ಹೋದ. ಬೇರೆ ಬೇರೆ ಪ್ರಾಣಿಗಳ ದೇಹ ಹೇಗೆ ಕೆಲಸ ಮಾಡುತ್ತದೆ, ಒಂದರದು ಇನ್ನೊಂದಕ್ಕಿಂತ ಯಾಕೆ ಬೇರೆ ಎನ್ನುವುದು ಅವನ ಓದು. ರಜೆಗೆ ಬಂದರೆ ಕೊರಳಲ್ಲಿ ಹಳೆಯ ಸ್ಟೆತಾಸ್ಕೋಪ್ ಹಾಕಿಕೊಂಡು ಮೇಕೆ, ನಾಯಿ, ಪಕ್ಕದ ಮನೆಯ ಕೋಳಿ ಯಾವುದನ್ನೂ ಬಿಡುತ್ತಿರಲಿಲ್ಲ. ಕೇಳಿ ಮುಗಿಸಿ ನನ್ನ ಕಿವಿಗೂ ಸಿಕ್ಕಿಸುತ್ತಿದ್ದ.

"ಅಣ್ಣ, ಕೋಳಿ ಎದಿ ಕೇಳು, ಹೊಲಿಗಿ ಮಿಷನ್ ಓಡಿದಂಗ. ಜೀವ ಸಣ್ಣದಾದಷ್ಟೂ ಎದಿಗೆ ಅವಸರ. ಎಮ್ಮಿದು ನೋಡು, ಜಲ್ದಿ ಅನ್ನೋದೇ ಇಲ್ಲ ಅದಕ್ಕ. ಸರ್ಕಾರಿ ಆಫೀಸ್ ಇದ್ದಂಗೈತಿ."

ಕೊನೆಗೆ ತನ್ನ ಎದೆಯನ್ನೂ ಕೇಳಿಸುತ್ತಿದ್ದ. ಚಿಕ್ಕಂದಿನಲ್ಲಿ ಕೀಲುಗಳೆಲ್ಲ ಬಾತು ಬಂದ ಒಂದು ಜ್ವರದಿಂದ ಅವನ ಹೃದಯದ ಕವಾಟ ಕೆಟ್ಟಿತ್ತು. ಅದು ಪೂರ್ತಿ ಮುಚ್ಚುತ್ತಿರಲಿಲ್ಲ. ಎರಡು ಬಡಿತಗಳ ನಡುವೆ ರಕ್ತ ಹಿಂದಕ್ಕೆ ಸೋರುವ 'ಶ್ಶ್' ಎಂಬ ಸದ್ದು ಬರುತ್ತಿತ್ತು. ಆಗೀಗ ಒಂದು ಬಡಿತ ತಪ್ಪಿಹೋಗಿ, ಮುಂದಿನದು ಬಾಗಿಲು ಗುದ್ದಿದ ಹಾಗೆ ಬೀಳುತ್ತಿತ್ತು. "ಇಂಥಾದ್ದು ಎಮ್ಮಿಗಿಲ್ಲ, ಕೋಳಿಗಿಲ್ಲ, ನನಗಷ್ಟೇ ಸ್ಪೆಷಲ್," ಎಂದು ನಗುತ್ತಿದ್ದ. "ಬಾಯಿ ಮುಚ್ಚಲೇ, ನಿನ್ನ ಸ್ಪೆಷಲ್‌ಗಿಷ್ಟು ಬೆಂಕಿ ಹಚ್ಚ," ಎಂದು ಅವ್ವ ಒಳಗಿನಿಂದಲೇ ಬಯ್ಯುತ್ತಿದ್ದಳು.

ಆಪರೇಷನ್ ಆಗಬೇಕಿತ್ತು. ಅದಕ್ಕೆ ದಿನ ಗೊತ್ತಾಗುವ ಮೊದಲೇ ಅವನು ಹೋಗಿಬಿಟ್ಟ.

ಆಮೇಲೆ ಅವ್ವ ಸರಿಯಾಗಿ ಉಣ್ಣಲಿಲ್ಲ. ಊರು ಬಿಟ್ಟರೆ ಸುಧಾರಿಸಿಯಾಳು ಎಂದು ನಾನು ತೋರಣಗಲ್ಲಿನ ಕಾರ್ಖಾನೆಯಲ್ಲಿ ಕೆಲಸ ಹಿಡಿದು, ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಬಾಡಿಗೆ ಕೋಣೆ ಗೊತ್ತು ಮಾಡಿದೆ. ಉಳಿದದ್ದು ಎಮ್ಮೆ. ಅದು ಕರುವಾಗಿದ್ದಾಗಿನಿಂದ ಬಸವರಾಜನೇ ಸಾಕಿದ್ದು. ಬಾಡಿಗೆ ಕೋಣೆಗೆ ಎಮ್ಮೆ ಬರುವ ಹಾಗಿಲ್ಲ. ಮಾರುತ್ತೇನೆ ಎಂದಾಗ ಅವ್ವ ಬೇಡ ಎನ್ನಲಿಲ್ಲ. ನನ್ನ ಜೊತೆ ಮಾತು ಬಿಟ್ಟಳು, ಅಷ್ಟೆ.

ದಲ್ಲಾಳಿ ಯಂಕಪ್ಪ ಬೆಳಿಗ್ಗೆ ಟೆಂಪೋ ತಂದ. ಹಗ್ಗ ಬಿಚ್ಚಿದವನು ಎಮ್ಮೆಯನ್ನು ಓರೆಗಣ್ಣಿನಿಂದ ನೋಡಿದ.

"ಏನಪ್ಪ, ಎಮ್ಮಿ ದಮ್ಮು ಹಾಕ್ತೈತಲ್ಲ?"

"ಬಿಸಲಿಗೆ ಹಂಗ, ಯಂಕಪ್ಪಣ್ಣ. ಇರು, ಎದಿ ಕೇಳಿ ಹೇಳ್ತೀನಿ," ಎಂದು ಒಳಗಿನಿಂದ ಸ್ಟೆತಾಸ್ಕೋಪ್ ತಂದೆ. ತಮ್ಮ ಹೋದ ಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

"ಕೇಳು ಕೇಳು. ಹೊಟ್ಟ್ಯಾಗಿರೋದು ಗಂಡೋ ಹೆಣ್ಣೋ, ಅದನ್ನೂ ಕೇಳಿಬಿಡು ಡಾಕ್ಟ್ರೇ," ಎಂದು ಯಂಕಪ್ಪ ನಕ್ಕ.

ಎಮ್ಮೆಯ ಎಡ ಮುಂಗಾಲಿನ ಹಿಂದೆ ಒತ್ತಿ ಹಿಡಿದೆ. ಕೇಳಬೇಕಾದದ್ದು ಆ ನಿಧಾನದ, ದಪ್ಪ ಬಡಿತ. ನನಗೆ ಕೇಳಿಸಿದ್ದು ಅದಲ್ಲ. ಮನುಷ್ಯನ ಎದೆಯ ವೇಗ. ಬಡಿತ, 'ಶ್ಶ್', ಬಡಿತ. ಒಂದು ತಪ್ಪಿತು. ಮುಂದಿನದು ಬಾಗಿಲು ಗುದ್ದಿತು. ಕೈ ತೆಗೆದು ಮತ್ತೆ ಇಟ್ಟೆ. ಅದೇ. ನನ್ನ ತಮ್ಮನ ಎದೆ.

ಎಷ್ಟು ಹೊತ್ತು ಹಾಗೇ ಬಗ್ಗಿ ನಿಂತಿದ್ದೆನೋ ಗೊತ್ತಿಲ್ಲ. ಅವ್ವ ಹೊಸ್ತಿಲು ಇಳಿದು ಬಂದು, ನನ್ನ ಮುಖ ನೋಡಿ, ಸ್ಟೆತಾಸ್ಕೋಪನ್ನು ತಾನೇ ಕಿವಿಗೆ ಹಾಕಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ, "ಹೂಂ. ಅವಂದೇ," ಎಂದಳು.

ಯಂಕಪ್ಪನೂ ಇಸಿದುಕೊಂಡು ಕೇಳಿದ. "ನನಗ ಬರೇ ಲಾರಿ ಹೋದಂಗ ಕೇಳತೈತಪ್ಪ," ಎಂದ. ಅವ್ವ ಅವನ ಕೈಯಿಂದ ಹಗ್ಗ ತೆಗೆದುಕೊಂಡು ಎಮ್ಮೆಯನ್ನು ಮತ್ತೆ ಗೂಟಕ್ಕೆ ಕಟ್ಟಿದಳು. "ಮೊದ್ಲ ಹೇಳಿದ್ರ ಟೆಂಪೋನಾದ್ರೂ ತರ್ತಿದ್ದಿಲ್ಲ," ಎಂದು ಗೊಣಗುತ್ತ ಅವನು ಹೋದ. ಆ ಮಧ್ಯಾಹ್ನ ಅವ್ವ ಎರಡು ರೊಟ್ಟಿ ಉಂಡಳು.

ಸಂಜೆ ದನದ ಡಾಕ್ಟರನ್ನು ಕರೆಸಿದೆ. ದನ, ಎಮ್ಮೆ ಮೇವಿನ ಜೊತೆ ತಂತಿ ಚೂರು ನುಂಗಿದರೆ ಎದೆಗೆ ಒತ್ತಿಕೊಂಡಿರುವ ಹೊಟ್ಟೆಯಿಂದ ಅದು ಹೃದಯಕ್ಕೇ ಚುಚ್ಚುತ್ತದೆ, ಆಗ ನೀರು ಕುಲುಕಿದಂಥ ಸದ್ದು ಬರುತ್ತದೆ ಎಂದು ಅವರು ಹೇಳಿದರು. ನನಗೆ ಜೀವ ಬಂದ ಹಾಗಾಯಿತು, ಕಾರಣ ಸಿಕ್ಕಿತೆಂದು. ಆದರೆ ಅವರು ಬಹಳ ಹೊತ್ತು ಕೇಳಿ, "ಎದಿ ಗಟ್ಟಿ ಐತ್ರಿ. ಏನೂ ತೊಂದ್ರಿ ಇಲ್ಲ," ಎಂದುಬಿಟ್ಟರು. ಅವರ ಎದುರಿಗೇ ನಾನು ಮತ್ತೆ ಕೇಳಿದೆ. ಎಮ್ಮೆಯ ಎದೆ, ಎಮ್ಮೆಯದೇ ವೇಗದಲ್ಲಿ ಬಡಿಯುತ್ತಿತ್ತು. ಅದು ಆಮೇಲೂ ಕರು ಹಾಕಿತು, ಹಾಲು ಕೊಟ್ಟಿತು. ತಂತಿ ನುಂಗಿದ ಎಮ್ಮೆ ಹಾಗೆ ಬಾಳುವುದಿಲ್ಲವಂತೆ. ನನ್ನದೇ ನಾಡಿ ಕಿವಿಯಲ್ಲಿ ಕೇಳಿಸಿರಬಹುದೇ ಎಂದು ಹೊಸಪೇಟೆಯಲ್ಲಿ ನನ್ನ ಎದೆಯನ್ನೂ ತೋರಿಸಿದೆ. ಅದರಲ್ಲಿ ಯಾವ 'ಶ್ಶ್' ಸದ್ದೂ ಇರಲಿಲ್ಲ. ಚಿತ್ತವಾಡ್ಗಿಯ ಕೋಣೆ ಬಿಟ್ಟುಕೊಟ್ಟು ಬಂಡ್ರಿಯಿಂದಲೇ ಕೆಲಸಕ್ಕೆ ಓಡಾಡಿದೆ. ದುಃಖಕ್ಕೆ ಕಿವಿ ಮೋಸ ಮಾಡಿತು ಎಂದುಕೊಳ್ಳಲು ಒಂದೇ ಅಡ್ಡಿಯಿತ್ತು, ಅವ್ವನೂ ಕೇಳಿಸಿಕೊಂಡಿದ್ದಳು.

ವರ್ಷಗಳ ಮೇಲೆ ಎಮ್ಮೆ ಮುದಿಯಾಗಿ ಸತ್ತಿತು. ಅದನ್ನು ಮಣ್ಣು ಮಾಡಿ ಬಂದ ಮಾರನೆಯ ದಿನ ಅವ್ವ ಶೇಂಗಾ ಸುಲಿಯುತ್ತ ಕೂತಿದ್ದಳು. ಆ ಬೆಳಗಿನ ಮಾತು ತೆಗೆದೆ.

"ನನಗೇನೂ ಕೇಳಿಸಿದ್ದಿಲ್ಲಪ್ಪ," ಎಂದಳು ತಲೆ ಎತ್ತದೆ. "ನಿನ್ನ ಮುಖ ನೋಡಿದೆ. ಇಲ್ಲ ಅನ್ನಾಕ ಬಾಯಿ ಬರಲಿಲ್ಲ."

ಅವಳು ಇನ್ನೊಂದಿಷ್ಟು ಕಾಯಿ ಒಡೆದಳು. ಆಮೇಲೆ ಕೈ ನಿಲ್ಲಿಸಿ ಕೇಳಿದಳು, "ನಿನಗ ಖರೇ ಕೇಳಿಸಿತ್ತೇನು?"

"ಹೂಂ, ಅವ್ವ."

"ಹೆಂಗ ಕೇಳಿಸಿತ್ತು? ಒಂದ್ಸಲ ಮಾಡಿ ತೋರಿಸು."

ನಾಲಿಗೆಯಿಂದ ಬಡಿತ, ಹಲ್ಲಿನ ಸಂದಿಯಿಂದ 'ಶ್ಶ್', ಮತ್ತೆ ಬಡಿತ ಮಾಡಿ ತೋರಿಸಿದೆ. ಒಂದು ಕಡೆ ತಡೆದೆ. ಅವಳು ಮಡಿಲಲ್ಲಿ ಶೇಂಗಾ ಇಟ್ಟುಕೊಂಡು, ಕಣ್ಣು ಮುಚ್ಚಿ, ಮುಂದಿನ ಬಡಿತಕ್ಕೆ ಕಾಯುತ್ತಿದ್ದಳು.