ದನದ ಡಾಕ್ಟರು ಶಾಸಕರಾದ ಮೇಲೆ

ಶಾಸಕರಾಗುವ ಮೊದಲು ಅವರು ನಮ್ಮ ಕಡೆ ದನದ ಡಾಕ್ಟರಾಗಿದ್ದರು. ನಿಜ ಹೇಳಬೇಕೆಂದರೆ ಡಾಕ್ಟರಲ್ಲ, ದನದ ದವಾಖಾನೆಯಲ್ಲಿ ಸೂಜಿ ಮಾಡುವ ನೌಕರಿ. ಆದರೂ ಕುಷ್ಟಗಿಯಿಂದ ಯಲಬುರ್ಗಾದವರೆಗೆ ಯಾವ ಕುರಿಹಟ್ಟಿಗೆ ಹೋದರೂ ಜನ ಅವರನ್ನು ಡಾಕ್ಟ್ರೇ ಎಂದೇ ಕರೆಯುತ್ತಿದ್ದರು. ನಾನು ಆಗ ಅಲ್ಲಿಯ ಒಂದು ಹಳ್ಳಿಯ ಸಾಲಿ ಮಾಸ್ತರ. ಅವರು ಮೋಟಾರ್ ಸೈಕಲ್ ನಿಲ್ಲಿಸಿ ಸಾಲಿ ಕಟ್ಟೆಯ ಮೇಲೆ ಕೂತು, "ಮಾಸ್ತರ, ನಿಮ್ಮ ಅಕ್ಷರ ಛಲೋ ಅದಾವ. ಒಂದು ಅರ್ಜಿ ಬರಕೊಡ್ರಿ" ಅನ್ನುತ್ತಿದ್ದರು. ಲಸಿಕೆ ಸಾಲದು, ದವಾಖಾನೆಗೆ ಬಾಗಿಲಿಲ್ಲ, ಇಂಥವೇ ಅರ್ಜಿಗಳು. ಅವುಗಳಲ್ಲಿ ಒಂದೂ ಅವರ ಸ್ವಂತದ್ದಾಗಿರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವರ ಜೊತೆ ನಾನೂ ಒಂದು ಹಟ್ಟಿಗೆ ಹೋಗಿದ್ದೆ. ಕುರಿ ಮರಿ ಹಾಕಲಾರದೆ ಒದ್ದಾಡುತ್ತಿತ್ತು. ಅವರು ಅಂಗಿ ತೆಗೆದಿಟ್ಟು ನೆಲದ ಮೇಲೆ ಮಲಗಿ ಒಂದು ತಾಸು ಹೆಣಗಿದರು. ಮರಿ ಸತ್ತೇ ಹುಟ್ಟಿತು. ಕುರಿ ಉಳಿಯಿತು. ಆ ಕುರಿಗಳ ಒಡತಿ ನಡುವಯಸ್ಸಿನ ಹೆಂಗಸು, ಗಂಡನಿಲ್ಲದಾಕೆ. ಆಕೆ ಕೊಟ್ಟ ಮಜ್ಜಿಗೆ ಕುಡಿದು ಅವರು ಬಹಳ ಹೊತ್ತು ಸುಮ್ಮನೆ ಆಕೆಯ ಹತ್ತಿರ ಕೂತರು. ಹೊರಡುವಾಗ ಆಕೆಯೇ, "ನೀವ್ಯಾಕ ಮಾರಿ ಸಣ್ಣದು ಮಾಡ್ತೀರಿ ಯಪ್ಪಾ, ನಿಮ್ಮ ಕೈಲೆ ಆದಷ್ಟು ಮಾಡೀರಿ" ಅಂದಳು.

ಇಂಥ ಮನುಷ್ಯನನ್ನು ಜನ ನೌಕರಿ ಬಿಡಿಸಿ ಚುನಾವಣೆಗೆ ನಿಲ್ಲಿಸಿದ್ದು ಆಶ್ಚರ್ಯವಲ್ಲ. ಗೆದ್ದರು. ನನ್ನನ್ನು ಸಾಲಿಯಿಂದ ನಿಯೋಜನೆ ಮೇಲೆ ಕರೆಸಿ ಆಪ್ತ ಸಹಾಯಕನನ್ನಾಗಿ ಮಾಡಿಕೊಂಡರು. ಮೊದಲ ಐದು ವರ್ಷ ಕೊಪ್ಪಳದ ಅವರ ಮನೆಯಂಗಳದಲ್ಲಿ ಬೆಳಗಾದರೆ ಆಡು, ಕುರಿ, ಆಕಳ ಕರು ಹಿಡಿದುಕೊಂಡೇ ಜನ ಬಂದು ನಿಲ್ಲುತ್ತಿದ್ದರು. ಅವರು ಒಂದು ಕಡೆ ಅರ್ಜಿ ಓದುತ್ತಾ, ಇನ್ನೊಂದು ಕಡೆ ಕರುವಿನ ಬಾಯಿ ತೆಗೆದು ನೋಡುತ್ತಿದ್ದರು. ಹೆಣ್ಣುಮಕ್ಕಳ ಹಾಸ್ಟೆಲ್ ಒಂದನ್ನು ಬೆಂಗಳೂರಿಗೆ ಹನ್ನೆರಡು ಸಲ ಅಲೆದು ಮಂಜೂರು ಮಾಡಿಸಿದರು.

ಎರಡನೇ ಸಲ ಗೆದ್ದ ಮೇಲೆ ಅಂಗಳದಲ್ಲಿ ಕಾರುಗಳು ನಿಂತವು. ಕರು ಹಿಡಿದು ಬಂದವರನ್ನು ಗೇಟಿನ ಹೊರಗೇ ತಡೆಯುವವರು ಹುಟ್ಟಿಕೊಂಡರು. ಅವರಲ್ಲಿ ನಾನೂ ಒಬ್ಬ. "ಸಾಹೇಬ್ರು ಮೀಟಿಂಗಿನ್ಯಾಗ ಅದಾರ್ರಿ, ನಾಳಿ ಬರ್ರಿ" ಎಂದು ಎಷ್ಟು ಜನರಿಗೆ ಹೇಳಿದ್ದೇನೋ. ಸಾಹೇಬರು ಕೆಟ್ಟವರಾಗಲಿಲ್ಲ. ಜನ ತಮ್ಮವರೇ, ಎಲ್ಲಿ ಹೋಗ್ತಾರೆ ಎಂಬ ಧೈರ್ಯ ಬಂದುಬಿಟ್ಟಿತ್ತು ಅಷ್ಟೆ.

ಅವರಿಗೆ ಒಂದೇ ಒಂದು ಹಂಬಲವಿತ್ತು. ಗಂಗಾವತಿ ಕಡೆಯ ಭತ್ತದ ಗದ್ದೆಗಳನ್ನು ನೋಡಿದಾಗಲೆಲ್ಲ, "ಅವರಿಗೆ ಕಾಲುವಿ ಐತಿ, ನಮಗ ಬರೇ ಮುಗಿಲ ಐತಿ" ಅನ್ನುತ್ತಿದ್ದರು. ನಮ್ಮ ಎತ್ತರದ ಕಪ್ಪು ಎರಿ ಹೊಲಗಳಿಗೆ ಪೈಪಿನಿಂದ ನೀರು ಏರಿಸುವ ಯೋಜನೆಗಾಗಿ ಮುನಿರಾಬಾದಿನ ನೀರಾವರಿ ಕಚೇರಿಗೆ ನಾನು ಟೈಪು ಮಾಡಿದ ಪತ್ರಗಳಿಗೆ ಲೆಕ್ಕವಿಲ್ಲ. ಅಧಿಕಾರದಲ್ಲಿದ್ದ ಎದುರು ಪಕ್ಷದವರು ಅವರನ್ನು ಹಿಡಿದದ್ದು ಈ ಹಂಬಲದಿಂದಲೇ.

ಒಂದು ಬೆಳಿಗ್ಗೆ ಅವರು ನನ್ನನ್ನು ಅಡುಗೆಮನೆಗೆ ಕರೆದರು. ಮೇಜಿನ ಮೇಲೆ ಅವರೇ ಕೈಯಾರೆ ಬರೆದ ಹಾಳೆ ಇತ್ತು. ಅವರ ಹೆಂಡತಿ ಒಲೆಯ ಕಡೆ ಮುಖ ಮಾಡಿ ನಿಂತಿದ್ದರು.

"ಮಾಸ್ತರ, ರಾಜೀನಾಮಿ ಕೊಡಾಕ ಹತ್ತೀನಿ. ಆ ಕಡೆಯಿಂದ ನಿಂತು ಮತ್ತ ಗೆದ್ರ ನೀರಿನ ಕೆಲಸ ಚಾಲೂ ಮಾಡ್ತೀವಿ ಅಂತ ಮಾತು ಕೊಟ್ಟಾರ. ತಪ್ಪು ಗಿಪ್ಪು ಐತೇನ ನೋಡ್ರಿ."

ನಾನು ಓದಿದೆ. ಯಾರ ಒತ್ತಡಕ್ಕೂ ಒಳಗಾಗದೆ, ಸ್ವಂತ ಇಚ್ಛೆಯಿಂದ ಎಂದೆಲ್ಲ ಇತ್ತು. ಆಗ ಕೇಳಬೇಕಿದ್ದ ಪ್ರಶ್ನೆ ನನ್ನ ನಾಲಗೆಯ ತುದಿಗೆ ಬಂದಿತ್ತು. ಓಟು ಹಾಕಿದವರನ್ನು ಒಂದು ಮಾತು ಕೇಳಿದಿರೇನು? ಕೇಳಲಿಲ್ಲ. 'ರಾಜಿನಾಮೆ' ಎಂದು ಬರೆದಿದ್ದರು. "ಜೀ ದೀರ್ಘ ಆಗಬೇಕ್ರಿ" ಅಂದೆ. ತಿದ್ದಿದರು. ಅವರ ಹೆಂಡತಿ ಒಮ್ಮೆ ತಿರುಗಿ ನನ್ನ ಮುಖ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಏನೋ ಹೇಳುತ್ತಾನೆ ಎಂದು ಕಾದು ಸೋತ ನೋಟ ಅದು.

ಉಪಚುನಾವಣೆ ಬಂತು. ಹಳ್ಳಿಗಳಲ್ಲಿ ಯಾರೂ ಬೈಯಲಿಲ್ಲ, ಕಲ್ಲು ಎಸೆಯಲಿಲ್ಲ. ಬೈದಿದ್ದರೆ ಅವರು ಉತ್ತರ ಕೊಡುತ್ತಿದ್ದರು. ಮೊದಲಾದರೆ ಅವರ ಗಾಡಿ ಕಂಡೊಡನೆ ಎದ್ದು ಬರುತ್ತಿದ್ದ ಜನ ಈಗ ಕಟ್ಟೆಯ ಮೇಲೆ ಕೂತಲ್ಲೇ ಕೂತಿರುತ್ತಿದ್ದರು. ಒಂದೂರಲ್ಲಿ ಒಬ್ಬ ಮುದುಕ ಬೀಡಿ ಆರಿಸಿ, ಮೆಲ್ಲಗೆ ಕೇಳಿದ:

"ನಾವು ನಿಮ್ಮನ್ನ ಆರಿಸಿ ಕಳಿಸಿದ್ವಿ. ನಡುವ ಯಾಕ ಬಿಟ್ಟು ಬಂದ್ರಿ ಸಾಹೇಬ್ರ?"

"ನೀರಿಗಾಗಿ ಬಂದೆ ಕಾಕಾ."

"ಹಂಗಾರ ನಮ್ಮನ್ನ ಒಂದು ಮಾತು ಕೇಳಬೇಕಿತ್ತು," ಅಂದ ಮುದುಕ. ಅಷ್ಟೇ. ನಮ್ಮ ಜೊತೆ ಬಂದವರು ಘೋಷಣೆ ಕೂಗಲು ಶುರುಮಾಡಿದರು. ಸಾಹೇಬರು ಕೈ ಎತ್ತಿ ನಿಲ್ಲಿಸಿದರು.

ಸೋತರು. ಎಣಿಕೆ ಮುಗಿಯುವ ಮೊದಲೇ ಅಂಗಳದ ಕಾರುಗಳು ಹೋಗಿದ್ದವು. ಪ್ರಚಾರದ ಹೊತ್ತಿಗೆ ಪೈಪುಗಳು ಬಂದು ರಸ್ತೆ ಬದಿಗೆ ಬಿದ್ದದ್ದು ನಿಜ. ಅವುಗಳೊಳಗೆ ಇವತ್ತಿಗೂ ನಾಯಿಗಳು ಮರಿ ಹಾಕುತ್ತವೆ. ನಾನು ನನ್ನ ಸಾಲಿಗೆ ಮರಳಿದೆ.

ಆರೇಳು ತಿಂಗಳ ಮೇಲೆ ಒಂದು ರವಿವಾರ ಅವರು ನನ್ನ ಮನೆಗೆ ಬಂದರು. ಬಸ್ಸಿನಲ್ಲಿ ಬಂದಿದ್ದರು. ಕೈಯಲ್ಲಿ ಔಷಧಿಯ ಚೀಲ. "ಕುರಿಗೆ ಬ್ಯಾನಿ ಬಂದೈತಂತ, ಬರ್ರಿ ಹೋಗೂಣು" ಅಂದರು. ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಕಳೆ ಕಂಡಿತು. ನನ್ನ ಗಾಡಿಯಲ್ಲೇ ಹೋದೆವು.

ಅಂದು ಮಜ್ಜಿಗೆ ಕೊಟ್ಟಿದ್ದ ಅದೇ ಹೆಂಗಸಿನ ಹಟ್ಟಿ. ಆಕೆಯ ತಲೆ ಪೂರ್ತಿ ಬೆಳ್ಳಗಾಗಿತ್ತು. ಎಂಟ್ಹತ್ತು ಕುರಿಗಳು ಬಾಯಲ್ಲಿ ಜೊಲ್ಲು ಸುರಿಸುತ್ತ ನಿಂತಿದ್ದವು. ಅವರು ಅಂಗಿಯ ತೋಳು ಮಡಚುವಷ್ಟರಲ್ಲಿ ಆಕೆ ಓಡಿ ಹೋಗಿ ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿದಳು.

"ಕುಂದರ್ರಿ ಸಾಹೇಬ್ರ."

"ಕುರ್ಚಿ ಯಾಕಬೇ? ಕುರಿ ಹಿಡಿ, ನೋಡತೀನಿ."

"ಬ್ಯಾಡ್ರಿ. ನೀವು ದೊಡ್ಡವರು. ಈಗಿನ ಡಾಕ್ಟ್ರಿಗೆ ಹೇಳೀವಿ, ಬರ್ತಾರ."

"ನಾನ ಬಂದೀನಲ್ಲ."

ಆಕೆ ಕುರಿಗಳ ಮುಂದೆ ಬಂದು ನಿಂತಳು. ಕೈಮುಗಿದೇ ನಿಂತಿದ್ದಳು, ದನಿಯಲ್ಲಿ ಮರ್ಯಾದೆಯೇ ಇತ್ತು. ಆದರೆ ದಾರಿ ಬಿಡಲಿಲ್ಲ. ಅವರು ಕುರ್ಚಿಯ ಮೇಲೆ ಕೂತರು. ಆಕೆ ಚಹಾ ತರಿಸಿದಳು. ಕಪ್ಪಿನಲ್ಲಿ ಅರ್ಧ ಹಾಗೇ ಉಳಿಯಿತು. ಹಿಂದಿರುಗುವಾಗ ಗಾಡಿಯ ಹಿಂದೆ ಕೂತ ಅವರು ನನ್ನ ಭುಜ ಹಿಡಿದಿದ್ದರು. "ಆಕಿ ಮಾಡಿದ್ದು ಬರೋಬರಿ ಐತಿ, ತಪ್ಪಿಲ್ಲ" ಎಂದು ಒಂದು ಸಲ ಅಂದರು. ಮತ್ತೆ ಯಾವ ಹಟ್ಟಿಗೂ ಅವರು ಹೋಗಲಿಲ್ಲ.

ಸಕ್ಕರೆ ಕಾಯಿಲೆ ಮೊದಲೇ ಇತ್ತು. ಔಷಧಿ ಬಿಟ್ಟರು. ಎರಡು ವರ್ಷ ಕೊಪ್ಪಳದ ಮನೆಯಲ್ಲಿ ಕಾಲು ಚಾಚಿಕೊಂಡು ಮಲಗಿಯೇ ಕಳೆದು ಒಂದು ಬೇಸಿಗೆಯಲ್ಲಿ ತೀರಿಕೊಂಡರು. ಹಳ್ಳಿಗಳಿಂದ ಜನ ಬಂದಿದ್ದರು, ನಾನೆಣಿಸಿದ್ದಕ್ಕಿಂತ ಕಡಿಮೆ.

ಮುಂದಿನ ಅಧಿವೇಶನಕ್ಕೆ ಮೊದಲು ಬೆಂಗಳೂರಿನ ವಿಧಾನಸಭೆಯ ಕಚೇರಿಯಿಂದ ನನಗೊಂದು ಫೋನು ಬಂತು. ಸದನದಲ್ಲಿ ಸಂತಾಪ ಸೂಚಿಸಲು ಮಾಜಿ ಶಾಸಕರ ವಿವರ ಬೇಕಂತೆ. ಫೋನು ಮಾಡಿದ ಹುಡುಗಿ ಒಂದೊಂದಾಗಿ ಕೇಳಿ ಬರೆದುಕೊಂಡಳು. ಹುಟ್ಟಿದ ಊರು, ಓದು, ಎಷ್ಟು ಸಲ ಆಯ್ಕೆ, ಯಾವ ಸಮಿತಿ. ಕೊನೆಗೆ, "ಅವರ ವಿಶೇಷ ಆಸಕ್ತಿ ಏನಿತ್ತು ಸರ್?" ಅಂದಳು.

ನಾನು ತರಗತಿಯ ಹೊರಗೆ ನಿಂತಿದ್ದೆ. ಒಳಗೆ ಮಕ್ಕಳು ಗಲಾಟೆ ಮಾಡುತ್ತಿದ್ದರು. ನಾನು ಬಾಗಿಲು ಎಳೆದುಕೊಂಡೆ.

"ಹಲೋ, ಸರ್? ಬೇರೆಯವರಿಗೆಲ್ಲ ಕೃಷಿ, ಸಮಾಜಸೇವೆ ಅಂತ ಹಾಕ್ತೀವಿ. ಅದನ್ನೇ ಹಾಕ್ಲಾ?"

"ಹಾಕ್ರಿ" ಅಂದೆ.