ಎಲ್ಲರಿಗೂ ಎಂಬ ವಿಳಾಸ

ನನ್ನ ಚಿಕ್ಕ ಸೋದರಮಾವ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ. ಅಂಗಡಿಯ ಹಿಂದಿನ ಕೋಣೆಯಲ್ಲಿ ಎಣ್ಣೆ ಡಬ್ಬಿ, ತುಕ್ಕು ಹಿಡಿದ ಪೆಡಲುಗಳ ನಡುವೆ ಅವನ ಇನ್ನೊಂದು ಸಂಸಾರ: ಹವ್ಯಾಸಿ ರೇಡಿಯೋ, ಅದಕ್ಕೆ ಜೋಡಿಸಿದ ಹಳೆಯ ಕಂಪ್ಯೂಟರ್. ರೇಡಿಯೋ ಹುಚ್ಚಿನವರು ಟೈಪ್ ಮಾಡಿದ ಸಂದೇಶಗಳು ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ದಾಟುತ್ತ ಊರೂರು ಸೇರುತ್ತಿದ್ದವು. ನಮ್ಮೂರಿನ ಸ್ಟೇಷನ್ ಮಾವನದು. ಒಂದು ಸಂದೇಶ ಹೋಗುವಾಗ ಉಳಿದವರು ತೆಪ್ಪಗೆ ಕಾಯಬೇಕು. ಅದಕ್ಕೇ ವಿಳಾಸದಲ್ಲಿ ಯಾರಿಗೆ ಎಂಬುದರ ಜೊತೆ ಎಷ್ಟು ದೂರ ಎಂದೂ ಬರೆಯಬೇಕು: ಒಬ್ಬನಿಗೋ, ಊರಿಗೋ, ದೇಶದ ಎಲ್ಲರಿಗೋ.

ಈ ವಿಷಯದಲ್ಲಿ ಮಾವ ಮಹಾ ಕಟ್ಟುನಿಟ್ಟು. ಪಕ್ಕದೂರಿನ ಸ್ಟೇಷನ್ ಬೇಕರಿಯವನದು; ಅವನ ಸಂದೇಶ ಮಾವನ ಮೂಲಕ, ಮಾವನದು ಅವನ ಮೂಲಕವೇ ದೂರ ಹೋಗಬೇಕು. ಅವನು ಒಮ್ಮೆ ಹಳೆಯ ಬ್ಯಾಟರಿ ಮಾರುವುದಿದೆ ಎಂದು ದೇಶಕ್ಕೆಲ್ಲ ಡಂಗುರ ಸಾರಿದ. ಮಾವ ಅದನ್ನು ತಡೆದು, ವಿಳಾಸ ತಿದ್ದಿ, ಸುತ್ತಲಿನ ಊರುಗಳಿಗಷ್ಟೇ ಬಿಟ್ಟ. ಸಾಲದ್ದಕ್ಕೆ ಬೇಕರಿಗೇ ಹೋಗಿ ಗಿರಾಕಿಗಳ ಮುಂದೆ ನೀರಿಳಿಸಿದ.

"ನಿನ್ನ ಬ್ಯಾಟರಿ ಕೊಳ್ಳೋಕೆ ದೇಶದ ಆ ತುದಿಯಿಂದ ರೈಲು ಹತ್ತಿ ಬರ್ತಾರೇನಯ್ಯಾ?"

ಇಂಥವನು ಸ್ವಂತ ಅಣ್ಣನ ಜೊತೆ ಮಾತು ಬಿಟ್ಟಿದ್ದ. ಅಜ್ಜಿ ತೀರಿಕೊಂಡ ದಿನ ದೊಡ್ಡಮಾವನ ಬಸ್ಸು ದಾರಿಯಲ್ಲಿ ಕೆಟ್ಟು, ಬರುವುದು ತಡವಾಯಿತು. "ಈಗ ಯಾಕೆ ಬಂದೆ?" ಎಂದು ಚಿಕ್ಕವನು ನೆಂಟರೆದುರು ಕೇಳಿಬಿಟ್ಟ. ದೊಡ್ಡಮಾವ ಚಪ್ಪಲಿ ಮೆಟ್ಟಿ ಹೊರಟವನು ಮತ್ತೆ ಬರಲಿಲ್ಲ. ಇವನಿಗೆ ರೇಡಿಯೋ ಕಲಿಸಿದ್ದೇ ಅವನು; ದೂರದ ತನ್ನೂರಲ್ಲಿ ಅವನದೂ ಒಂದು ಸ್ಟೇಷನ್! ಅಣ್ಣನಿಗೆ ಊರವರು ಕಳಿಸಿದ್ದನ್ನೆಲ್ಲ ಇವನು ತಪ್ಪದೆ ದಾಟಿಸುತ್ತಿದ್ದ. ತನ್ನದೊಂದು ಸಾಲು ಮಾತ್ರ ಇಲ್ಲ. ಅಬ್ಬಬ್ಬಾ, ಏನು ಜಂಬ ಇಬ್ಬರಿಗೂ!

ಒಂದು ಶನಿವಾರ ನನ್ನಮ್ಮ ಸುದ್ದಿ ತಂದಳು. ದೊಡ್ಡಮಾವನಿಗೆ ಹೃದಯದ ಆಪರೇಷನ್, ಸೋಮವಾರ ಆಸ್ಪತ್ರೆಗೆ ಸೇರುತ್ತಾನೆ. ಮಾವನ ಕೈಯ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು.

"ಫೋನ್ ಮಾಡ್ರೀ," ಎಂದಳು ಅತ್ತೆ.

"ಅವನ ದನಿ ಕೇಳಿದ್ರೆ ನನಗೆ ಮಾತೇ ಹೊರಡಲ್ಲ ಕಣೇ."

ಹಿಂದಿನ ಕೋಣೆಗೆ ಹೋಗಿ ಟೈಪ್ ಮಾಡಿದ. 'ಅಣ್ಣಾ, ಅಮ್ಮ ಕೊನೇವರೆಗೂ ನಿನ್ನನ್ನೇ ಕೇಳ್ತಿದ್ಲು. ಪಕ್ಕದಲ್ಲಿದ್ದ ನನಗೆ ಹೊಟ್ಟೆಕಿಚ್ಚು. ಅದಕ್ಕೇ ಹಾಗಂದೆ. ಮನಸ್ಸಲ್ಲಿ ಇಟ್ಕೋಬೇಡ. ಹುಷಾರಾಗಿ ಬಾ.'

ಭಾನುವಾರ ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂತವನ ಮುಖ ಸುಣ್ಣದಂತಾಯಿತು. ಶನಿವಾರ ಅಣ್ಣನಿಗೆ ಬರೆಯುವ ಮೊದಲು, ವಿಳಾಸ ನೋಡಿಕೊಂಡು ಬರೆಯಿರಿ ಎಂದು ದೇಶದವರಿಗೆಲ್ಲ ಒಂದು ಉಪದೇಶ ಕಳಿಸಿದ್ದನಂತೆ. ಆ ವಿಳಾಸ ಬದಲಿಸದೆ ಅದರ ಕೆಳಗೇ ಅಣ್ಣನ ಸಂದೇಶವನ್ನೂ ಬರೆದು ಕಳಿಸಿದ್ದ!

"ಮನೆ ಮಾನ ಬೀದಿಗೆ ಹಾಕಿದೆ. ನಾಲ್ಕು ಜನರ ಮುಂದೆ ಅಂದದ್ದಕ್ಕೇ ಅಷ್ಟು ನೊಂದವನು, ಇನ್ನು ನನ್ನ ಮುಖ ನೋಡ್ತಾನಾ?" ಎಂದು ತಲೆ ಹಿಡಿದು ಕೂತ.

ಅಷ್ಟರಲ್ಲಿ ಬಾಗಿಲಲ್ಲಿ ಬೇಕರಿಯವನ ಸೈಕಲ್ ನಿಂತಿತು.

"ಏನ್ ಸ್ವಾಮಿ, ಅಣ್ಣನ ಹತ್ರ ಕ್ಷಮೆ ಕೇಳೋಕೆ ಇಡೀ ದೇಶವೇ ಬೇಕಾ?"

ಅವನು ಒಳಗೆ ಬಂದು ಮಾವನ ಎದುರು ಕೂತ.

"ನನ್ನಲ್ಲೇ ತಡೆದೆ. ವಿಳಾಸ ತಿದ್ದಿ ಅವರೊಬ್ಬರಿಗೇ ಬಿಟ್ಟಿದ್ದೀನಿ. ನೀವೇ ಕಲಿಸಿದ ವಿದ್ಯೆ. ನನ್ನನ್ನು ಬಿಟ್ರೆ ಯಾರೂ ಓದಿಲ್ಲ, ನಾನೂ ಮರೆತೆ."

ಮಾವ ಎದ್ದು ಅವನ ಎರಡೂ ಕೈ ಹಿಡಿದುಕೊಂಡ. ಅತ್ತೆ ಚಹಾಕ್ಕಿಟ್ಟಳು.

ಚಹಾ ಮುಗಿಯುವ ಹೊತ್ತಿಗೆ ಪರದೆಯ ಮೇಲೆ ದೊಡ್ಡಮಾವನ ಸಂದೇಶ ಮೂಡಿತು. ವಿಳಾಸ: ದೇಶದ ಎಲ್ಲರಿಗೂ. ತಪ್ಪಿ ಬರೆದದ್ದಲ್ಲ, ಅವನು ಅಂಥ ತಪ್ಪು ಮಾಡುವವನೇ ಅಲ್ಲ. 'ನನ್ನ ತಮ್ಮ ನನ್ನ ಜೊತೆ ಮಾತಾಡಿದ. ಎಲ್ಲರಿಗೂ ಹೇಳಬೇಕು ಅನ್ನಿಸಿತು.'

ನಮ್ಮೂರಿಂದ ಮುಂದಿನ ಊರುಗಳಿಗೆ ಅದನ್ನು ದಾಟಿಸಬೇಕಾದವನು ಮಾವ. ತಡೆಯುವ ಕೀಲಿಯ ಮೇಲೆ ಅಭ್ಯಾಸದಿಂದ ಬೆರಳು ಹೋಯಿತು.

"ನಿಯಮ ಸ್ವಾಮಿ, ನಿಯಮ!" ಎಂದು ಬೇಕರಿಯವನು ಛೇಡಿಸಿದ.

"ಸುಮ್ನಿರಯ್ಯ," ಎಂದ ಮಾವ, ಕಣ್ಣೊರೆಸಿಕೊಳ್ಳುತ್ತ. ಬೆರಳು ತೆಗೆದು, ಸಂದೇಶವನ್ನು ಬಂದ ವಿಳಾಸಕ್ಕೇ ಬಿಟ್ಟ.